ಒಣ ಬ್ರೆಡ್ಡಿನ ಚೀಲದವನು

ನಮ್ಮ ಮಾವ ಖಮೀಸಿ ಬದುಕಿರುವಷ್ಟು ಕಾಲ ನನ್ನನ್ನು ಹೆಸರು ಹಿಡಿದು ಕರೆದವರಲ್ಲ. ನನಗೆ ಲಮ್ರಿ ಅಂತ ಒಂದು ಹೆಸರಿದೆ. ಸುವೈಕಾ ಓಣಿಯ ಬಾಯಲ್ಲಿರುವ ನನ್ನ ಕ್ಷೌರದಂಗಡಿಯ ಹಲಗೆಯ ಮೇಲೂ ಅದೇ ಹೆಸರನ್ನು ಹಸಿರು ಬಣ್ಣದಲ್ಲಿ ಬರೆಸಿದ್ದೇನೆ. ಆದರೂ ಅವರಿಗೆ ನಾನು 'ಚೀಲದವನು'. "ಚೀಲದವನು ಬಂದ್ನಾ? ಚೀಲದವನಿಗೆ ಕಾಫಿ ಕೊಟ್ಯಾ?" ಎಂದು ಮಗಳನ್ನು ಕೇಳುತ್ತಿದ್ದರು. ಮೊಮ್ಮಗ ಹುಟ್ಟಿದ ಮೇಲಾದರೂ ನನಗೆ ಬಡ್ತಿ ಸಿಗುತ್ತದೆ ಅಂದುಕೊಂಡೆ. ಸಿಗಲಿಲ್ಲ, ಆ ಕೂಸಿಗೂ 'ಚೀಲದವನ ಮಗ' ಅಂತ ಪಟ್ಟ ಕಟ್ಟಿದರು. ಬೇಜಾರು ಮಾಡಿಕೊಳ್ಳುವ ಹಕ್ಕು ನನಗಿಲ್ಲ. ಆ ಹೆಸರನ್ನು ನಾನೇ ಕೈಯಾರೆ ಸಂಪಾದಿಸಿದ್ದು.

ಮೊದಲು ಖಮೀಸಿಯವರ ವಿಷಯ ಹೇಳಬೇಕು. ಅವರು ರೈಲ್ವೆಯಲ್ಲಿ ಹಳಿ ಕಾಯುತ್ತಿದ್ದವರು. ನಿವೃತ್ತರಾದ ಮೇಲೂ ಅದೇ ನೀಲಿ ಕೋಟು, ಮೊಣಕೈ ಹತ್ತಿರ ತೇಪೆ, ಕಾಲಿಗೆ ಅದೇ ಭಾರದ ಬೂಟು. ನಡೆಯುವಾಗ ಕಣ್ಣು ಸದಾ ನೆಲದ ಮೇಲೆ. ಹಳಿ ನೋಡಿ ನೋಡಿ ಬಂದ ಅಭ್ಯಾಸ ಅಂತ ಜನ ಹೇಳುತ್ತಿದ್ದರು. ಅದಲ್ಲ, ಅವರು ನೋಡುತ್ತಿದ್ದದ್ದು ಬ್ರೆಡ್ಡಿನ ಚೂರು. ಎಲ್ಲಾದರೂ ಒಂದು ಚೂರು ಬಿದ್ದಿದ್ದರೆ ಬಗ್ಗಿ ಎತ್ತಿ, ತುಟಿಗೆ ತಾಗಿಸಿ, ಹಣೆಗೆ ಒತ್ತಿಕೊಂಡು, ಯಾರ ಕಾಲಿಗೂ ಸಿಗದ ಹಾಗೆ ಕಿಟಕಿಯ ಕಟ್ಟೆಯ ಮೇಲೋ ಗೋಡೆಯ ಸಂದಿನಲ್ಲೋ ಇಡುತ್ತಿದ್ದರು. ನಮ್ಮಲ್ಲಿ ಎಲ್ಲರೂ ಹೀಗೆ ಮಾಡುವವರೇ. ಆದರೆ ನಾವು ಕಾಲ ಬುಡದಲ್ಲಿ ಕಂಡರೆ ಎತ್ತುತ್ತೇವೆ, ಅವರು ರಸ್ತೆಯ ಆಚೆ ಬದಿಯಲ್ಲಿ ಕಂಡರೂ ದಾಟಿ ಹೋಗಿ ಎತ್ತುತ್ತಿದ್ದರು. ಅವರ ಜೊತೆ ಊರನ್ನು ಎರಡಾಗಿ ಸೀಳಿರುವ ಕಮರಿಯ ಸೇತುವೆ ದಾಟುವುದೆಂದರೆ ಬುತ್ತಿ ಕಟ್ಟಿಕೊಂಡು ಹೋಗಬೇಕಾದ ಪ್ರಯಾಣ.

ಒಮ್ಮೆ ತಾಳಲಾರದೆ, "ಹಕ್ಕಿಗಳು ತಿನ್ನಲಿ ಬಿಡಿ ಮಾವ," ಎಂದೆ.

"ನಿನಗೆ ಯಾರಾದ್ರೂ ನೆಲದ ಮೇಲೆ ಬಡಿಸಿದ್ರೆ ತಿಂತೀಯಾ?" ಅಂದರು.

ಅವರು ಚಿಕ್ಕವರಿದ್ದಾಗ ಒಂದು ಚಳಿಗಾಲ ಅವರ ಹಳ್ಳಿಯಲ್ಲಿ ಹಿಟ್ಟೇ ಇರಲಿಲ್ಲವಂತೆ. ಓಕ್ ಮರದ ಕಾಯಿ ಬೀಸಿ ರೊಟ್ಟಿ ತಟ್ಟಿದ್ದರಂತೆ. ಆ ಮಾತನ್ನು ಅವರು ಎತ್ತಿದ್ದು ಒಂದೇ ಸಲ, ಅದೂ ಬೇರೇನನ್ನೋ ಹೇಳುವಾಗ. ಅವರ ಮೇಲೆ ನನಗೆ ಗೌರವ ಇತ್ತು. ಗೌರವಕ್ಕಿಂತ ಒಂದು ಹಿಡಿ ಹೆಚ್ಚು ಹೆದರಿಕೆಯೂ ಇತ್ತು.

ಇನ್ನು ನನ್ನ ವಿಷಯ. ನಮ್ಮ ಊರಿನಲ್ಲಿ ಹೆಣ್ಣು ಕೇಳಲು ಬಂದವರಿಗೆ ಕಾಫಿ ಕೊಟ್ಟು ಕಳಿಸಿದ ಮೇಲೆ ಹೆಣ್ಣಿನ ಕಡೆಯವರು ಸುಮ್ಮನೆ ಕೂರುವುದಿಲ್ಲ. ಹುಡುಗನ ಓಣಿಗೆ ಗುಟ್ಟಾಗಿ ಬಂದು ವಿಚಾರಿಸುತ್ತಾರೆ. ಕಿರಾಣಿಯವನನ್ನು ಕೇಳುತ್ತಾರೆ, ಓಣಿಯ ರೊಟ್ಟಿಯನ್ನೆಲ್ಲ ಬೇಯಿಸಿಕೊಡುವ ಒಲೆಮನೆಯವನನ್ನು ಕೇಳುತ್ತಾರೆ, ಮಸೀದಿಯ ಮುಂದೆ ಕೂತ ಮುದುಕರನ್ನು ಕೇಳುತ್ತಾರೆ. ಎಲ್ಲರಿಗಿಂತ ಮೊದಲು ಕ್ಷೌರದವನನ್ನು ಕೇಳುತ್ತಾರೆ, ಯಾಕೆಂದರೆ ಗಲ್ಲಕ್ಕೆ ಸಾಬೂನು ಹಚ್ಚಿಸಿಕೊಂಡ ಗಂಡಸು ಯಾವ ಗುಟ್ಟನ್ನೂ ಉಳಿಸಿಕೊಳ್ಳುವುದಿಲ್ಲ. ಹೀಗಾಗಿ ಸುವೈಕಾದ ಅರ್ಧ ಮದುವೆಗಳಿಗೆ ನಾನೇ ಸಾಕ್ಷಿ. "ಹುಡುಗ ಹೇಗೆ?" ಎಂದು ಕೇಳಿದರೆ ಕತ್ತಿಯನ್ನು ಗಾಳಿಯಲ್ಲಿ ನಿಲ್ಲಿಸಿ, ಒಂದು ನಿಟ್ಟುಸಿರು ಬಿಟ್ಟು, ಆಮೇಲೆ ಮಾತಾಡುತ್ತಿದ್ದೆ. ಆ ನಿಟ್ಟುಸಿರಿನ ಉದ್ದದ ಮೇಲೆ ಎಷ್ಟೋ ಸಂಬಂಧಗಳು ಮುರಿದಿವೆ. ನನ್ನಷ್ಟು ತೂಕದ ಮನುಷ್ಯ ಊರಲ್ಲಿ ಇನ್ನೊಬ್ಬನಿಲ್ಲ ಅಂತ ನಾನು ನಂಬಿದ್ದೆ. ಊರಿಗೆಲ್ಲ ಮದುವೆ ಮಾಡಿಸಿದವನು ನಲವತ್ತರ ಹತ್ತಿರ ಬಂದರೂ ಅಮ್ಮನೊಬ್ಬಳ ಜೊತೆಗೇ ಊಟ ಮಾಡುತ್ತಿದ್ದ ಅನ್ನುವುದು ಬೇರೆ ಮಾತು.

ಅಂಥ ನನ್ನ ಕಣ್ಣಿಗೆ ಅಕೀಲಾ ಬಿದ್ದಳು. ಹೊಲಿಗೆ ಕಾರ್ಖಾನೆಯಲ್ಲಿ ಕೆಲಸ, ದಿನಾ ಬೆಳಿಗ್ಗೆ ನನ್ನ ಅಂಗಡಿಯ ಮುಂದೆಯೇ ಹೋಗುತ್ತಿದ್ದಳು. ಬೇಗ ಬೇಗ ನಡೆಯುತ್ತಿದ್ದಳು, ಯಾರನ್ನೂ ನೋಡುತ್ತಿರಲಿಲ್ಲ. ಅವಳು ಹೋಗುವ ಹೊತ್ತಿಗೆ ನಾನು ಬಾಗಿಲಲ್ಲಿ ನಿಂತು ಟವೆಲ್ ಒದರುತ್ತಿದ್ದೆ. ಒದರಿ ಒದರಿ ಆ ಟವೆಲ್ ಹರಿದೇ ಹೋಯಿತು. ನಮ್ಮ ಅಮ್ಮ ಬಹೀಜಾ ಅವಳನ್ನು ಹೆಂಗಸರೆಲ್ಲ ಸ್ನಾನಕ್ಕೆ ಹೋಗುವ ಹಮ್ಮಾಮಿನಲ್ಲಿ ನೋಡಿ, ಯಾರೋ ಮುದುಕಿಗೆ ಬಿಸಿನೀರಿನ ಬಕೆಟ್ಟು ಹೊತ್ತು ಕೊಟ್ಟಿದ್ದನ್ನು ಕಂಡು ಮೆಚ್ಚಿ ಬಂದಳು. ತಾಯಿ ಇಲ್ಲದ ಹುಡುಗಿ, ಅಪ್ಪನ ಮನೆ ನಡೆಸುತ್ತಿದ್ದಾಳೆ, ಅಪ್ಪ ರೈಲ್ವೆಯವನು ಅಂತಲೂ ವಿಚಾರಿಸಿಕೊಂಡು ಬಂದಳು. ಪರಿಚಯದವರ ಮೂಲಕ ಮಾತು ಹೋಯಿತು, ಕೇಳಿಸಿಕೊಂಡರು. "ನಮ್ಮಪ್ಪ ಒಂದಷ್ಟು ವಿಚಾರಿಸ್ತಾರೆ," ಅಂತ ಅಕೀಲಾ ಹೇಳಿ ಕಳಿಸಿದಳು.

ನಿಜ ಹೇಳುತ್ತೇನೆ, ಆ ವಯಸ್ಸಿನವರೆಗೆ ನಾನು ಯಾವುದನ್ನೂ ಅಷ್ಟು ಆಸೆಪಟ್ಟಿರಲಿಲ್ಲ. ಅವಳು ಬೇರೆ ಯಾರದೋ ಮನೆಗೆ ಹೋದರೆ ಮಾರನೆಯ ಬೆಳಿಗ್ಗೆ ಬಾಗಿಲಲ್ಲಿ ನಿಂತು ಏನನ್ನು ಒದರಲಿ ಎಂದು ಯೋಚಿಸಿದರೆ ಎದೆ ಖಾಲಿಯಾಗುತ್ತಿತ್ತು. ಆಗ ಹೊಳೆಯಿತು: ಊರಿಗೆಲ್ಲ ಸಾಕ್ಷಿ ಹೇಳುವ ನನಗೆ ಸಾಕ್ಷಿ ಹೇಳುವವರು ಯಾರು?

ಬಿಟ್ಟರೆ ಕೆಟ್ಟೆ ಅಂತ ಓಣಿಯನ್ನೆಲ್ಲ ಸಜ್ಜು ಮಾಡಿದೆ. ಕಿರಾಣಿಯ ದರ್ರಾಜಿಗೆ, ಒಲೆಮನೆಯ ಬೂಜಮಾಗೆ, ಮಸೀದಿಯ ಮುಂದಿನ ಮುದುಕರಿಗೆ, ಎಲ್ಲರಿಗೂ ಪುಕ್ಕಟೆ ಕ್ಷೌರ. ಕೂದಲಿಲ್ಲದವರಿಗೆ ತಲೆ ಮಾಲೀಸು. ಪ್ರತಿಯೊಬ್ಬರಿಗೂ ಏನು ಹೇಳಬೇಕೆಂದು ಬಾಯಿಪಾಠ ಮಾಡಿಸಿದೆ: "ಲಮ್ರಿಯ ಕೈ ಬಂಗಾರ, ಬಾಯಿ ಜೇನು, ಅಂಥ ಅಳಿಯ ದೀಪ ಹಚ್ಚಿ ಹುಡುಕಿದರೂ ಸಿಗೋದಿಲ್ಲ." ಬೂಜಮಾ ಎರಡು ಸಲ ತಪ್ಪಿ 'ಕೈ ಜೇನು' ಅಂದ. ಕ್ಷೌರದವನ ಕೈ ಜೇನಾದರೆ ಗಿರಾಕಿ ಓಡಿಹೋಗುತ್ತಾನೆ ಅಂತ ಅವನನ್ನು ಕೂರಿಸಿ ಮತ್ತೆ ಹೇಳಿಕೊಟ್ಟೆ.

ಒಂದನ್ನು ಮಾತ್ರ ಮರೆತಿದ್ದೆ. ನಮ್ಮ ಮನೆ ಬಾಗಿಲ ಪಕ್ಕದ ಮೊಳೆ.

ಆ ಮೊಳೆಗೆ ಒಂದು ಗೋಣಿಚೀಲ ನೇತಾಡುತ್ತಿತ್ತು, ಎಲ್ಲರ ಮನೆ ಬಾಗಿಲಲ್ಲಿ ನೇತಾಡುವ ಹಾಗೆ. ಉಳಿದ ಬ್ರೆಡ್ಡನ್ನು ಕಸದ ಜೊತೆ ಹಾಕಿದರೆ ಕೈ ಬಿದ್ದುಹೋಗುತ್ತದೆ ಅಂತ ಎಲ್ಲರಿಗೂ ಗೊತ್ತು. ಅದಕ್ಕೇ ಚೀಲಕ್ಕೆ ತುಂಬಿ ನೇತುಹಾಕುವುದು. "ಒಣ ಬ್ರೆಡ್ಡೂ" ಎಂದು ಕೂಗುತ್ತ ಕತ್ತೆ ಹೊಡೆದುಕೊಂಡು ಬರುವವನು ಅದನ್ನು ಕುರಿಗಳಿಗೆ ಒಯ್ದು, ಬದಲಿಗೆ ಒಂದಷ್ಟು ಬಟ್ಟೆ ಕ್ಲಿಪ್ಪು ಕೊಟ್ಟು ಹೋಗುತ್ತಾನೆ. ಆ ವರ್ಷ ಊರಲ್ಲಿ ಮೊಟ್ಟೆ ಸಿಗುತ್ತಿರಲಿಲ್ಲ, ಬೆಣ್ಣೆ ಸಿಗುತ್ತಿರಲಿಲ್ಲ, ಕಾಫಿಪುಡಿ ಒಮ್ಮೊಮ್ಮೆ ಮಾತ್ರ. ಸಾಲು ಕಂಡರೆ ಮೊದಲು ನಿಂತುಕೊಂಡು ಆಮೇಲೆ ಏನು ಕೊಡುತ್ತಾರೆಂದು ಕೇಳುವ ಕಾಲ. ಬೇಕರಿಯ ಬಿಳಿ ಬ್ರೆಡ್ಡು ಮಾತ್ರ ಬೇಕಾದಷ್ಟು. ಸಿಗುವುದು ಅದೊಂದೇ ಅಂತ ಗಂಡಸರೆಲ್ಲ ಅದನ್ನೇ ಕಂಕುಳ ತುಂಬ ತರುತ್ತಿದ್ದೆವು. ಮನೆಯಲ್ಲಿ ಇಬ್ಬರೇ ಇದ್ದರೂ ನಾನು ಆರು ಜನರಿಗೆ ಆಗುವಷ್ಟು ಕೊಳ್ಳುತ್ತಿದ್ದೆ. ಕಂಕುಳಲ್ಲಿ ಉದ್ದುದ್ದ ಬ್ರೆಡ್ಡು ಇಟ್ಟುಕೊಂಡು ಓಣಿಯಲ್ಲಿ ನಡೆದರೆ ಸಂಸಾರಸ್ಥನ ಕಳೆ ಬರುತ್ತದೆ.

ಅಷ್ಟೇ ಆಗಿದ್ದರೆ ಪರವಾಗಿರಲಿಲ್ಲ. ಅಮ್ಮ ಮಂಡಿನೋವು ಹೊತ್ತುಕೊಂಡೇ ರವೆ ನಾದಿ ಮನೆ ರೊಟ್ಟಿ ಮಾಡುತ್ತಿದ್ದಳು, ಮೇಲೆ ಕರಿಜೀರಿಗೆ ಉದುರಿಸಿ. ಒಲೆಮನೆಯಲ್ಲಿ ಇಪ್ಪತ್ತು ಮನೆಯ ರೊಟ್ಟಿ ಒಟ್ಟಿಗೆ ಬೇಯುವುದರಿಂದ ಪ್ರತಿ ಮನೆಗೂ ಒಂದು ಗುರುತು ಇರುತ್ತದೆ. ನಮ್ಮದು ಬೀಗದ ಕೈ. ಅಪ್ಪನ ಕಾಲದ ಹಳೇ ಕಬ್ಬಿಣದ ಕೀಲಿಯನ್ನು ಅಮ್ಮ ಹಸಿ ಹಿಟ್ಟಿನ ಮೇಲೆ ಒತ್ತುತ್ತಿದ್ದಳು. ಆ ರೊಟ್ಟಿಯಲ್ಲಿ ಅರ್ಧವನ್ನು ದಿನಾ ನನ್ನ ಮಧ್ಯಾಹ್ನದ ಊಟಕ್ಕೆ ಕಟ್ಟಿಕೊಡುತ್ತಿದ್ದಳು. ಹಿತ್ತಲ ಗಿಡ ಮದ್ದಲ್ಲವಲ್ಲ. ಗಿರಾಕಿಗಳ ಮುಂದೆ ಮನೆ ರೊಟ್ಟಿ ಬಿಚ್ಚಿ ತಿಂದರೆ ಹಳ್ಳಿಯವನ ಹಾಗೆ ಕಾಣುತ್ತೇನೆ ಅಂತ ನಾನು ಬಿಳಿ ಬ್ರೆಡ್ಡು ತಿಂದು, ಆ ಅರ್ಧ ರೊಟ್ಟಿಯನ್ನು ಸಂಜೆ ಬರುವಾಗ ಹಾಗೇ ಚೀಲದ ತಳಕ್ಕೆ ಇಳಿಸುತ್ತಿದ್ದೆ. ಚೀಲ ಕಟ್ಟುವುದು, ಕೊಡುವುದು ನನ್ನ ಕೆಲಸವಾದ್ದರಿಂದ ಅಮ್ಮನಿಗೆ ತಿಳಿಯಲಿಲ್ಲ. ದಿನಾ ಸಂಜೆ ನಾನು ಅವಳ ಮಂಡಿಗೆ ಎಣ್ಣೆ ತಿಕ್ಕುವಾಗ, "ರೊಟ್ಟಿ ಹೇಗಿತ್ತೋ?" ಅನ್ನುತ್ತಿದ್ದಳು. "ಚೆನ್ನಾಗಿತ್ತಮ್ಮ," ಅನ್ನುತ್ತಿದ್ದೆ.

ಆ ದಿನಗಳಲ್ಲಿ ಕತ್ತೆಯ ಕಾಲಿಗೆ ಏನೋ ಆಗಿ ಬ್ರೆಡ್ಡಿನವನು ಬಂದೇ ಇರಲಿಲ್ಲ. ಅವನ ಬದಲು ಬೇರೆ ಯಾರೋ ಬರುತ್ತಾರಂತೆ ಅಂತ ಸುದ್ದಿ ಇತ್ತು. ಚೀಲ ಉಬ್ಬಿ ಬಸುರಿಯ ಹಾಗಾಗಿತ್ತು. ಅದೇ ಹೊತ್ತಿಗೆ ದರ್ರಾಜಿ ಓಡಿ ಬಂದು ಹೇಳಿದ: "ಹುಡುಗಿ ಅಪ್ಪ ಓಣಿಗೆ ಬಂದಿದ್ದಾನಂತೆ ಕಣೋ."

ಅಂಗಡಿ ಮುಚ್ಚಿ ಮನೆಗೆ ಓಡಿದೆ, ಒಳ್ಳೆ ಅಂಗಿ ಹಾಕಿಕೊಳ್ಳೋಣ ಅಂತ. ಹುಡುಗಿಯ ಅಪ್ಪ ಅಂದರೆ ನನ್ನ ಮನಸ್ಸಿನಲ್ಲಿ ಬಿಳಿ ನಿಲುವಂಗಿ, ಮೇಲೊಂದು ಕಂದು ಉಣ್ಣೆಯ ಬುರ್ನೂಸು, ಕೈಯಲ್ಲಿ ಬೆತ್ತ. ಮನೆ ಬಾಗಿಲಲ್ಲಿ ನೋಡಿದರೆ ತೇಪೆ ಹಾಕಿದ ನೀಲಿ ಕೋಟಿನ ಒಬ್ಬ ಉದ್ದನೆಯ ಮುದುಕ ಚೀಲದ ಬಾಯಿ ಬಿಚ್ಚಿ ಒಳಗೆ ಇಣುಕುತ್ತಿದ್ದಾನೆ.

"ಅಂತೂ ಬಂದ್ಯಾ ತಾತ?" ಎಂದೆ. "ಇಷ್ಟು ತಡ ಮಾಡಿದ್ರೆ ಹೇಗೆ? ಕತ್ತೆ ಎಲ್ಲಿ?"

ಮುದುಕ ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಕತ್ತೆ ಈಗ ತಾನೇ ಬಂತು," ಅಂದ. ಆ ಮಾತು ನನಗೆ ಅರ್ಥವಾಗಲು ಒಂದು ವಾರ ಹಿಡಿಯಿತು.

"ಬೇಗ ತಗೊಂಡು ಹೋಗು. ಇವತ್ತು ನನಗೆ ಹೆಣ್ಣು ಕೊಡೋರು ವಿಚಾರಿಸೋಕೆ ಬರ್ತಾರೆ. ಅವಳಪ್ಪನ ಕಣ್ಣಿಗೆ ಈ ಚೀಲ ಬಿದ್ರೆ ಕಥೆ ಮುಗೀತು."

"ಯಾಕೆ?"

"ಇಷ್ಟು ಬ್ರೆಡ್ಡು ಹಾಳು ಮಾಡೋ ಮನೆ ಅಂದ್ಕೋತಾನೆ. ಹಳೇ ಕಾಲದ ಮನುಷ್ಯ ಅಂತೆ, ರೈಲ್ವೆಯವನು. ಅವರಿಗೆಲ್ಲ ತಲೆ ಒಂದೇ ಹಳಿ ಮೇಲೆ ಓಡೋದು."

"ಹೌದೌದು," ಅಂದ ಮುದುಕ.

ಚೀಲವನ್ನು ಮೊಳೆಯಿಂದ ಬಿಡಿಸಿ ನಾನೇ ಅವನ ಹೆಗಲಿಗೆ ಏರಿಸಿದೆ. "ಕ್ಲಿಪ್ಪು ಮುಂದಿನ ಸಲ ತಂದುಕೊಡು, ಮರೀಬೇಡ," ಅಂದೆ. ಅಲ್ಲಿಗೇ ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತು. ಆದರೆ ನಾಲಿಗೆಗೆ ಎಲುಬಿಲ್ಲ. "ತಾತ, ದಾರೀಲಿ ಯಾರಾದ್ರೂ ನನ್ನ ಬಗ್ಗೆ ಕೇಳಿದ್ರೆ ಏನು ಹೇಳ್ತೀಯ? ಕೈ ಬಂಗಾರ, ಬಾಯಿ ಜೇನು, ಅಂಥ ಅಳಿಯ ದೀಪ ಹಚ್ಚಿ ಹುಡುಕಿದ್ರೂ ಸಿಗೋಲ್ಲ. ಎಲ್ಲಿ, ಒಂದು ಸಲ ಹೇಳು."

ಮುದುಕ ಚೀಲ ಹೊತ್ತುಕೊಂಡೇ ಅಕ್ಷರ ತಪ್ಪದೆ ಒಪ್ಪಿಸಿದ. "ಎಷ್ಟು ಚೆನ್ನಾಗಿ ಕಲಿತೆ," ಅಂತ ಬೆನ್ನು ತಟ್ಟಿದೆ.

"ಬೆಳಿಗ್ಗೆಯಿಂದ ಇದನ್ನೇ ಕೇಳ್ತಿದೀನಪ್ಪ," ಅಂದು ಮುದುಕ ಓಣಿ ಇಳಿದು ಹೋದ. ನಾನು ಒಳ್ಳೆ ಅಂಗಿ ಹಾಕಿಕೊಂಡು ಸಂಜೆಯವರೆಗೂ ಬಾಗಿಲಲ್ಲಿ ಕೂತೆ. ಬುರ್ನೂಸಿನವರು ಯಾರೂ ಬರಲಿಲ್ಲ.

ಎರಡು ದಿನ ಬಿಟ್ಟು ಸುದ್ದಿ ಬಂತು: ಗುರುವಾರ ಇಳಿಹೊತ್ತಿನ ಅಸ್ರ್ ನಮಾಜು ಮುಗಿಸಿಕೊಂಡು ತಾಯಿ ಮಗ ಇಬ್ಬರೂ ಕಾಫಿಗೆ ಬನ್ನಿ. ಸಾಕ್ಷಿಗಳು ಕೆಲಸ ಮಾಡಿದರು ಅಂತ ನಾನು ಓಣಿಗೆಲ್ಲ ಪುದೀನಾ ಚಹಾ ಕುಡಿಸಿದೆ.

ಗುರುವಾರ ಬಾದಾಮಿ ಮಿಠಾಯಿಯ ಡಬ್ಬ ಹಿಡಿದು, ಅಮ್ಮನ ಕೈ ಹಿಡಿದು ಸೇತುವೆ ದಾಟಿ ಹೋದೆ. ಬಾಗಿಲು ತಟ್ಟಿದೆ. ತೆರೆದರೆ ಅದೇ ನೀಲಿ ಕೋಟು.

ಮನುಷ್ಯನಿಗೆ ಬುದ್ಧಿ ಅನ್ನುವುದು ಇದ್ದರೆ ಆ ಕ್ಷಣದಲ್ಲಿ ಸುಮ್ಮನಿರುತ್ತಾನೆ. ನಾನು ಏನು ಕೇಳಿದೆ ಗೊತ್ತೇ? "ಏನ್ ತಾತ, ಈ ಕಡೆಗೂ ಬರ್ತೀಯಾ?"

"ಬರ್ತೀನಪ್ಪ," ಅಂದರು ಅವರು. "ದಿನಾ ರಾತ್ರಿ ಮಲಗೋಕೆ ಬರ್ತೀನಿ. ನನ್ನ ಮನೆ."

"ಯಾರೋ ಇವರು, ಮೊದಲೇ ಗೊತ್ತಾ?" ಅಂತ ಅಮ್ಮ ನನ್ನ ತೋಳು ಜಗ್ಗಿದಳು. ನಾನು ಮಿಠಾಯಿಯ ಡಬ್ಬವನ್ನು ಮುಂದೆ ಚಾಚಿದೆ. ಖಮೀಸಿಯವರೇ ಉತ್ತರ ಕೊಟ್ಟರು: "ಒಂದು ಸಲ ನನ್ನ ಹೆಗಲಿಗೆ ಭಾರ ಏರಿಸಿದ್ರು ನಿಮ್ಮ ಮಗ. ಬನ್ನಿ ತಾಯಿ, ಒಳಗೆ ಬನ್ನಿ."

ಅಂಗಳದಲ್ಲಿ ನಿಂಬೆಗಿಡದ ಕೆಳಗೆ ಕೂರಿಸಿದರು. ಎದುರಿಗೇ ಅಡುಗೆಮನೆ, ಬಾಗಿಲು ತೆರೆದಿತ್ತು. ಅಕೀಲಾ ಒಲೆಯ ಮುಂದೆ ನಿಂತಿದ್ದಳು. ಅಗಲವಾದ ಬೋಗುಣಿಯಲ್ಲಿ ಹಾಲು, ಅದಕ್ಕೆ ಕಿತ್ತಳೆ ಹೂವಿನ ನೀರು. ಹಾಲಿನಿಂದ ಎತ್ತಿದ ತುಂಡನ್ನು ಅಂಗೈ ಮೇಲಿಟ್ಟು ಹಗುರಾಗಿ ಒತ್ತುತ್ತಿದ್ದಳು, ಕಡೆದ ಮೊಟ್ಟೆಯಲ್ಲಿ ಎರಡೂ ಮಗ್ಗುಲು ಅದ್ದುತ್ತಿದ್ದಳು, ಬಾಣಲೆಗೆ ಇಳಿಸಿ ಅಂಚು ಕೆಂಪಾಗುವವರೆಗೆ ಕಾಯುತ್ತಿದ್ದಳು. ತೆಗೆದ ಕೂಡಲೆ ಬಿಸಿ ಇರುವಾಗಲೇ ಬೆಚ್ಚಗಿನ ಜೇನಿನಲ್ಲಿ ಹೊರಳಿಸಿ, ಮೇಲೆ ಚಕ್ಕೆಪುಡಿ. ಮೊಟ್ಟೆಗೆ ಅವಳು ಯಾವ ಸಾಲಿನಲ್ಲಿ ಎಷ್ಟು ಹೊತ್ತು ನಿಂತಿದ್ದಳೋ. ನಾನು ಮಾತ್ರ ಆ ಕೈಯನ್ನು ನೋಡುತ್ತಿದ್ದೆನೇ ಹೊರತು ಕೈಯಲ್ಲಿದ್ದದ್ದನ್ನು ನೋಡಲಿಲ್ಲ.

ಈಗ ಆ ತಿಂಡಿಯನ್ನು ನಾನೂ ಮಾಡುತ್ತೇನೆ. ಮೊದಲ ಸಲ ಮಾಡಿದಾಗ ಬ್ರೆಡ್ಡನ್ನು ಹಾಲಿನಲ್ಲಿ ಬಿಟ್ಟು ಗಿರಾಕಿಯ ಜೊತೆ ಮಾತಿಗೆ ನಿಂತೆ. ಬಂದು ನೋಡಿದರೆ ಗಂಜಿ. ಅದನ್ನೇ ಬಾಣಲೆಗೆ ಸುರಿದು ಇದು ಹೊಸ ತರಹ ಅಂದೆ. ನಮ್ಮ ಓಣಿಯ ಬೆಕ್ಕು ಕೂಡ ಮೂಸಿ ನೋಡಿ ಮುಂದೆ ಹೋಯಿತು.

ತಟ್ಟೆ ಬಂತು. ಅಕೀಲಾ ತಂದು ಇಟ್ಟು ಅಪ್ಪನ ಹಿಂದೆ ನಿಂತಳು. ಏನಾದರೂ ಹೇಳಿ ಒಳ್ಳೆಯವನಾಗೋಣ ಅಂತ ಒಂದು ತುಂಡು ಬಾಯಿಗಿಟ್ಟುಕೊಂಡು, "ಎಷ್ಟು ಮೆತ್ತಗಿದೆ, ಇವತ್ತಿನ ತಾಜಾ ಬ್ರೆಡ್ಡಲ್ವಾ?" ಎಂದೆ.

"ತಾಜಾ ಆದ್ರೆ ಹಾಲಲ್ಲಿ ಹಾಕಿದ ಕೂಡಲೆ ಕರಗಿ ಹೋಗತ್ತೆ," ಅಂದಳು ಅಕೀಲಾ. ಅವಳು ನನ್ನ ಹತ್ತಿರ ಆಡಿದ ಮೊದಲ ಮಾತು. "ಇದಕ್ಕೆ ಯಾರೋ ಮರೆತು ಬಿಟ್ಟಿದ್ದೇ ಆಗಬೇಕು. ಚೆನ್ನಾಗಿ ಒಣಗಿರಬೇಕು."

ಆಗ ಕೈಯಲ್ಲಿದ್ದ ತುಂಡನ್ನು ನೋಡಿದೆ. ಜೇನಿನ ಕೆಳಗೆ ಕರಿಜೀರಿಗೆ. ಕರಿಜೀರಿಗೆಯ ನಡುವೆ, ಮೊಟ್ಟೆ ಹಿಡಿದು ಹೊಳೆಯುತ್ತ, ಒಂದು ಬೀಗದ ಕೈಯ ಹಲ್ಲುಗಳು. ತಟ್ಟೆ ನೋಡಿದೆ. ಇನ್ನೊಂದು ತುಂಡಿನಲ್ಲಿ ಕೀಲಿಯ ಬಳೆ, ಮತ್ತೊಂದರಲ್ಲಿ ಪೂರಾ ಕೀಲಿ.

ಆ ತಟ್ಟೆಯನ್ನು ಅಮ್ಮ ನೋಡದ ಹಾಗೆ ಮಾಡಲು ಒಂದೇ ದಾರಿ ಇತ್ತು. ತಿನ್ನತೊಡಗಿದೆ. ಒಂದಾದ ಮೇಲೊಂದು, ಕೀಲಿ ಇದ್ದ ತುಂಡುಗಳನ್ನೇ ಆರಿಸಿ ಆರಿಸಿ, ಬೆರಳಿನಿಂದ ಮೊಣಕೈಗೆ ಜೇನು ಇಳಿಯುತ್ತಿದ್ದರೂ ಬಿಡದೆ. ಅಕೀಲಾ ಬಿಟ್ಟ ಕಣ್ಣು ಬಿಟ್ಟಂತೆ ನೋಡುತ್ತಿದ್ದಳು. "ಹುಡುಗನಿಗೆ ಹಸಿವು," ಅಂದರು ಖಮೀಸಿ. "ಇನ್ನೂ ಇದೆಯಪ್ಪ, ಚೀಲ ತುಂಬ ಇದೆ. ನಿಧಾನಕ್ಕೆ ತಿನ್ನು."

ಅಷ್ಟರಲ್ಲಿ ಅಮ್ಮ ಕೈ ಚಾಚಿ ಒಂದು ತುಂಡು ತೆಗೆದುಕೊಂಡಿದ್ದಳು. ಕಚ್ಚಿದಳು. ಅಗಿಯುವುದನ್ನು ನಿಲ್ಲಿಸಿದಳು. ತುಂಡನ್ನು ಬೆಳಕಿಗೆ ಹಿಡಿದು, ಹೆಬ್ಬೆರಳಿನಿಂದ ಜೇನು ಒರೆಸಿ ನೋಡಿದಳು. ಗಂಟು ಕಟ್ಟಿದ ಆ ಬೆರಳು ಕೀಲಿಯ ಗುರುತಿನ ಮೇಲೆ ಹೋಗಿ ಬರುತ್ತಿದ್ದದ್ದನ್ನು ನಾನು ನೋಡಲಾರದೆ ನಿಂಬೆಗಿಡ ನೋಡಿದೆ. ನನಗೆ ಅಷ್ಟು ನಾಚಿಕೆ ಹಿಂದೆಂದೂ ಆಗಿರಲಿಲ್ಲ.

"ಈ ರೊಟ್ಟಿ ನಿಮಗೆ ಎಲ್ಲಿ ಸಿಕ್ತು?" ಅಂತ ಅಮ್ಮ ಕೇಳಿದಳು.

"ಒಂದು ಮನೆ ಬಾಗಿಲ ಮೊಳೇಲಿ," ಅಂದರು ಖಮೀಸಿ. "ಚೀಲದ ತಳದಲ್ಲಿತ್ತು. ಒಂದು ತುತ್ತೂ ಮುರಿದಿರಲಿಲ್ಲ. ಕಲಸಿದ ಕೈ ಒಳ್ಳೇದು ತಾಯಿ. ಕುರಿಗೆ ಹಾಕೋಕೆ ಮನಸ್ಸು ಬರಲಿಲ್ಲ."

ಅಮ್ಮ ತುಂಡನ್ನು ತಟ್ಟೆಯಲ್ಲಿಡಲಿಲ್ಲ, ಕೈಯಲ್ಲೇ ಹಿಡಿದುಕೊಂಡಿದ್ದಳು. ಆಮೇಲೆ ಹೇಳಿದಳು: "ಖಮೀಸಿಯವರೇ, ನಿಮ್ಮ ಮಗಳನ್ನ ಇವನಿಗೆ ಕೊಡಬೇಡಿ."

ಓಣಿಯ ಪ್ರತಿಯೊಬ್ಬನಿಗೂ ಪಾಠ ಹೇಳಿಕೊಟ್ಟಿದ್ದೆ. ಸ್ವಂತ ತಾಯಿಗೆ ಹೇಳಿಕೊಡಬೇಕೆಂದು ಹೊಳೆದಿರಲಿಲ್ಲ.

"ಒಬ್ಬನೇ ಮಗ ಅಂತ ಮುದ್ದು ಮಾಡಿ ಕೆಡಿಸಿದೆ," ಅಂತ ಅಮ್ಮ ಶುರು ಮಾಡಿದಳು. "ಜಂಬ ಜಾಸ್ತಿ. ನೆಗಡಿ ಬಂದ್ರೆ ಸಾಯ್ತೀನಿ ಅಂತ ಊರಿಗೆಲ್ಲ ಸಾರ್ತಾನೆ. ಸಾಬೂನನ್ನ ನೀರಲ್ಲೇ ಬಿಡ್ತಾನೆ. ನಾಲ್ಕು ಜನ ಹೊಗಳಿದ್ರೆ ಮನೆ ಬಾಗಿಲು ಹಾಕೋದೂ ಮರೀತಾನೆ. ಈಗ ನೋಡಿದ್ರೆ ಇದು. ದಿನಾ ಸಂಜೆ ಇವನು ನನ್ನ ಮಂಡಿಗೆ ಎಣ್ಣೆ ತಿಕ್ಕುವಾಗ ಕೇಳ್ತೀನಿ, ರೊಟ್ಟಿ ಹೇಗಿತ್ತೋ ಅಂತ. ದಿನಾ ಚೆನ್ನಾಗಿತ್ತಮ್ಮ ಅಂತಾನೆ, ಕಣ್ಣಲ್ಲಿ ಕಣ್ಣಿಟ್ಟು."

"ದಿನಾ ತಿಕ್ತಾನಾ?" ಅಂತ ಕೇಳಿದರು ಖಮೀಸಿ.

"ಏನನ್ನ?"

"ಎಣ್ಣೆ."

"ಅದೊಂದು ತಪ್ಪಿಸೋಲ್ಲ," ಅಂದಳು ಅಮ್ಮ ಸಿಟ್ಟಿನಲ್ಲೇ. "ಅವರಪ್ಪ ಹೋದ ವರ್ಷದಿಂದ ಒಂದು ದಿನ ತಪ್ಪಿಸಿಲ್ಲ. ಅದಕ್ಕೇ ತಾನೆ ನಾನು ನಂಬಿದ್ದು."

ಖಮೀಸಿ ಕೋಟಿನ ಜೇಬಿಗೆ ಕೈ ಹಾಕಿದರು. "ತಾಯಿ," ಅಂದರು, "ನಿಮ್ಮ ಓಣೀಲಿ ಇವನ ಬಗ್ಗೆ ಯಾರನ್ನ ಕೇಳಿದ್ರೂ ಒಂದೇ ಮಾತು. ಕೈ ಬಂಗಾರ, ಬಾಯಿ ಜೇನು. ಕಿರಾಣಿಯವನು ನಾನು ಬರೀ ಉಪ್ಪು ಕೇಳಿದ್ರೂ ಅದನ್ನೇ ಹೇಳಿದ. ಒಲೆಮನೆಯವನು 'ಕೈ ಜೇನು' ಅಂದ, ಯಾರ ಕೈ ಅಂತ ಅವನಿಗೇ ಗೊತ್ತಿರಲಿಲ್ಲ. ಆಮೇಲೆ ಇವನೇ ನನ್ನನ್ನ ಬೀದೀಲಿ ನಿಲ್ಲಿಸಿ ಬಾಯಿಪಾಠ ಮಾಡಿಸಿದ. ಈ ಸಂಬಂಧ ಬೇಡ ಅಂತಲೇ ಇದ್ದೆ. ಹೇಳಿ ಕಳಿಸೋದು ಬೇಡ, ಈ ರೊಟ್ಟಿ ಕಲಸಿದೋರಿಗೆ ಎದುರಿಗೇ ಹೇಳೋಣ ಅಂತ ಕರೆಸಿದೆ. ಆದ್ರೆ ಇವನ ಬಗ್ಗೆ ನಾನು ಕೇಳಿದ ಮೊದಲನೇ ನಿಜ ಸಾಕ್ಷಿ ನಿಮ್ಮದು."

ಅವರು ಮಗಳ ಕಡೆ ತಿರುಗಿದರು. "ಏನಮ್ಮ?"

ಅಕೀಲಾ ಖಾಲಿ ತಟ್ಟೆ ನೋಡಿದಳು, ನನ್ನ ಮೊಣಕೈ ನೋಡಿದಳು. "ತಾವು ಚೀಲಕ್ಕೆ ಹಾಕಿದ್ದನ್ನ ತಾವೇ ತಿಂದರು," ಅಂದಳು. "ಎದುರು ಮಾತಾಡಲಿಲ್ಲ." ಅವಳ ತುಟಿಯಂಚಿನಲ್ಲಿ ನಗು ಇತ್ತು. ನಗು ಅಂತ ಆಗ ಅಂದುಕೊಂಡೆ, ಈಗಲೂ ಹಾಗೆಯೇ ಹೇಳುತ್ತೇನೆ. ಅವಳು ಒಪ್ಪುವುದಿಲ್ಲ.

ಖಮೀಸಿ ಜೇಬಿನಿಂದ ಕೈ ತೆಗೆದರು. ದಾರದಲ್ಲಿ ಪೋಣಿಸಿದ ಒಂದು ಸರ ಬಟ್ಟೆ ಕ್ಲಿಪ್ಪು. ನನ್ನ ಮುಂದೆ ಇಟ್ಟರು. "ಚೀಲಕ್ಕೆ ಬದಲು ಕೇಳಿದ್ದೆಯಲ್ಲ, ತಗೋ. ಇನ್ಮೇಲೆ ಒಬ್ಬರ ಬಟ್ಟೆ ಜಾಸ್ತಿ ಒಣಗಬೇಕಲ್ಲ."

ನಮ್ಮ ಮದುವೆ ಗಟ್ಟಿಯಾದದ್ದು ಹೀಗೆ. ಬೇರೆಯವರಿಗೆ ಉಂಗುರ ಬರುತ್ತದೆ.

ಹಿಂದಿರುಗುವಾಗ ಸೇತುವೆಯ ಮೇಲೆ ಗಾಳಿ ಜೋರಾಗಿತ್ತು. ಅಮ್ಮ ನನ್ನ ತೋಳು ಹಿಡಿದಿದ್ದಳು. ಬೈಯಲಿ ಅಂತ ಕಾಯುತ್ತಿದ್ದೆ. ಅವಳು ಬೈದಿದ್ದರೆ ಎಷ್ಟೋ ಸುಲಭವಾಗುತ್ತಿತ್ತು. ನಡುವಿಗೆ ಬಂದಾಗ ಮೆಲ್ಲಗೆ ಕೇಳಿದಳು: "ನನ್ನ ರೊಟ್ಟಿ ಅಷ್ಟು ಗಟ್ಟಿಯಾಗಿರತ್ತೇನೋ?"

ಕೆಳಗೆ ಕಮರಿ ಇತ್ತು, ಹಾರಿಬಿಡೋಣ ಅನ್ನಿಸಿತು. "ಇಲ್ಲಮ್ಮ. ಬಿಳಿ ಬ್ರೆಡ್ಡು ತಿಂದ್ರೆ ನಾಲ್ಕು ಜನ ದೊಡ್ಡ ಮನುಷ್ಯ ಅಂದ್ಕೋತಾರೆ ಅಂತ ತಿಂದೆ."

"ಅಂದ್ಕೊಂಡ್ರಾ?"

"ಇಲ್ಲ."

ಅಮ್ಮ ಸ್ವಲ್ಪ ದೂರ ನಡೆದು, "ನಾಳೆ ರೊಟ್ಟಿ ಹಲಗೆ ನೀನೇ ಹೊತ್ಕೊಂಡು ಹೋಗು," ಅಂದಳು. "ನಾಲ್ಕು ಜನ ನೋಡಲಿ."

ಒಲೆಮನೆಗೆ ಹಸಿ ರೊಟ್ಟಿಯ ಹಲಗೆ ಹೊರುವುದು ಚಿಕ್ಕ ಮಕ್ಕಳ ಕೆಲಸ. ಮಾರನೆಯ ಬೆಳಿಗ್ಗೆ ಆ ಹಲಗೆಯನ್ನು ತಲೆಯ ಮೇಲೆ ಹೊತ್ತು, ಎರಡೂ ಕೈಯಲ್ಲಿ ಹಿಡಿದು, ಸುವೈಕಾದ ಉದ್ದಕ್ಕೂ ನಡೆದೆ. ದರ್ರಾಜಿ ಅಂಗಡಿಯಿಂದ ಹೊರಗೆ ಬಂದು ನೋಡಿದ. ಮಸೀದಿಯ ಮುಂದಿನ ಮುದುಕರು ತಲೆ ಎತ್ತಿದರು. "ಏನ್ ಲಮ್ರಿ, ಕ್ಷೌರ ಬಿಟ್ಟು ಇದಕ್ಕಿಳಿದ್ಯಾ?" ಅಂತ ಒಬ್ಬ ಕೇಳಿದ. "ಕೈ ಬಂಗಾರ ಕಣಯ್ಯ, ಹಿಟ್ಟು ಅಂಟೋಲ್ಲ," ಅಂದ ಇನ್ನೊಬ್ಬ. ನಾನು ಬಾಯಿ ಬಿಡಲಿಲ್ಲ. ಬಿಟ್ಟಿದ್ದರೆ ಹಲಗೆ ಬೀಳುತ್ತಿತ್ತು.

ಒಲೆಮನೆಯ ಬಾಗಿಲಲ್ಲಿ ನೀಲಿ ಕೋಟು ನಿಂತಿತ್ತು. ಸೇತುವೆಯ ಆಚೆಯಿಂದ ಅವರು ಅಷ್ಟು ಬೆಳಿಗ್ಗೆ ಯಾಕೆ ಬಂದಿದ್ದರೋ, ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. "ಚೀಲದವನು ತಡ ಮಾಡಿದ," ಅಂತ ಬೂಜಮಾಗೆ ಹೇಳಿ ಪಕ್ಕಕ್ಕೆ ಸರಿದರು. ರೊಟ್ಟಿ ಬೆಂದು ಹೊರಗೆ ಬಂದಾಗ ಒಂದನ್ನು ಮುರಿದು ಅರ್ಧ ನನ್ನ ಕೈಗೆ ಕೊಟ್ಟರು, ಅರ್ಧ ಅವರು ತಿಂದರು. ಬಿಸಿಗೆ ಬೆರಳು ಸುಡುತ್ತಿತ್ತು. ಓಣಿಯ ನಡುವೆ ನಿಂತು, ಎಲ್ಲರೂ ನೋಡುತ್ತಿರುವಾಗ, ಕರಿಜೀರಿಗೆಯ ಸಮೇತ ಪೂರಾ ತಿಂದೆ.

ಆ ಸಂಜೆ ಅಮ್ಮನ ಮಂಡಿಗೆ ಎಣ್ಣೆ ತಿಕ್ಕಲು ಕೂತೆ. ಅಮ್ಮ ಗೋಡೆಗೆ ಒರಗಿ ಕಣ್ಣು ಮುಚ್ಚಿದ್ದಳು. ಒಂದು ಮಂಡಿ ತಿಕ್ಕಿ ಮುಗಿಯುತ್ತ ಬಂತು, ಇನ್ನು ಕೇಳುವುದೇ ಇಲ್ಲವೇನೋ ಅಂತ ನನಗೆ ಭಯವಾಯಿತು. ಕೊನೆಗೆ ಕಣ್ಣು ತೆರೆಯದೆ ಕೇಳಿದಳು.

"ರೊಟ್ಟಿ ಹೇಗಿತ್ತೋ?"

"ಉಪ್ಪು ಸ್ವಲ್ಪ ಕಮ್ಮಿ ಆಗಿತ್ತಮ್ಮ."

ಅಮ್ಮ ಕಣ್ಣು ತೆರೆದು ನನ್ನನ್ನು ನೋಡಿದಳು. ಮುಖವೆಲ್ಲ ಅರಳಿತ್ತು.

"ಹಾಗಾದ್ರೆ ತಿಂದಿದೀಯ," ಅಂದಳು, ಇನ್ನೊಂದು ಮಂಡಿ ಮುಂದೆ ಚಾಚಿದಳು.